ಭಯದ ಬೇರೆ ಹೆಸರುಗಳು



ನಿರಂಕುಶ ಆಳ್ವಿಕೆಯ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಆಳಿದವರ ಚರಿತ್ರೆಯಾಗಿಯೇ ಓದುತ್ತ ಬಂದಿದ್ದೇವೆ. ಅವರ ಅಧಿಕಾರದಾಹ, ಅವರ ಸುತ್ತ ನೆರೆದ ಹೊಗಳುಭಟರು, ಕೊನೆಗೆ ಅವರ ಪತನ, ಇಷ್ಟಕ್ಕೇ ಪುಸ್ತಕದ ಮುಕ್ಕಾಲು ಪಾಲು ಪುಟಗಳು ಸಂದುಹೋಗುತ್ತವೆ. ಆಳಿಸಿಕೊಂಡವರ ಪಾಲೇನು ಎಂಬ ಪ್ರಶ್ನೆಗೆ ಒಂದು ಅಧ್ಯಾಯ ಸಿಗುವುದೂ ಅಪರೂಪ. ಹದಿನಾರನೇ ಶತಮಾನದ ಫ್ರಾನ್ಸಿನಲ್ಲಿ ಎತಿಯೆನ್ ದ ಲಾ ಬೊಯೆಸಿ ಎಂಬ ಯುವಕ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ. ಒಬ್ಬನೇ ಮನುಷ್ಯ ಲಕ್ಷಾಂತರ ಜನರನ್ನು ಕಾಡುವಷ್ಟು ಬಲವನ್ನು ಎಲ್ಲಿಂದ ತರುತ್ತಾನೆ ಎಂದು ಕೇಳಿ, ಆ ಲಕ್ಷಾಂತರ ಜನರಿಂದಲೇ ತರುತ್ತಾನೆ ಎಂಬ ಉತ್ತರಕ್ಕೆ ಬಂದ. ಅದನ್ನು ಅವನು ಸ್ವಯಂಪ್ರೇರಿತ ದಾಸ್ಯ ಎಂದು ಕರೆದ.

ಈ ಉತ್ತರದಲ್ಲಿ ಸತ್ಯವಿದೆ, ಒಂದು ತೊಡಕೂ ಇದೆ. ತಾನು ದಾಸನಾಗುತ್ತಿದ್ದೇನೆ ಎಂದು ತಿಳಿದೂ ತಿಳಿದೂ ದಾಸನಾಗುವವರು ವಿರಳ. ಹಾಗಾದರೆ ಮಾನವಂತರು, ಓದುಬರಹ ಬಲ್ಲವರು, ಮನೆಯಲ್ಲಿ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಕಲಿಸುವವರು ಅನ್ಯಾಯದ ಆಳ್ವಿಕೆಗೆ ಹೆಗಲು ಕೊಡುವುದು ಹೇಗೆ? ಇಂದಿನ ಉಪನ್ಯಾಸದಲ್ಲಿ ನಾನು ಪರಿಶೀಲಿಸಬೇಕೆಂದಿರುವುದು ಇದನ್ನು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಭಯ ತನ್ನ ಸ್ವಂತ ಹೆಸರಿನಲ್ಲಿ ಬಹಳ ದಿನ ಬದುಕಲಾರದು. ನಾನು ಹೆದರಿ ಬಾಳುತ್ತಿದ್ದೇನೆ ಎಂದು ದಿನವೂ ಒಪ್ಪಿಕೊಳ್ಳುವುದು ಯಾವ ಮನಸ್ಸಿಗೂ ಸಹಿಸಲಾಗದ ಸಂಗತಿ. ಆದ್ದರಿಂದ ಭಯ ಬೇರೆ ಹೆಸರುಗಳನ್ನು ಇಟ್ಟುಕೊಳ್ಳುತ್ತದೆ. ಶಿಸ್ತು, ಕರ್ತವ್ಯ, ಕಾನೂನು, ಸಂಸಾರದ ಹೊಣೆ, ಇವು ಅದಕ್ಕೆ ಒಗ್ಗುವ ಗೌರವದ ಹೆಸರುಗಳು. ನಿರಂಕುಶಾಧಿಕಾರ ಜನರ ಭಯದಿಂದ ಹುಟ್ಟುತ್ತದೆ, ಆ ಭಯಕ್ಕೆ ಜನರೇ ಕೊಟ್ಟ ಬೇರೆ ಹೆಸರುಗಳ ಬಲದಿಂದ ಬಾಳುತ್ತದೆ.

ಇದನ್ನು ವಿವರಿಸಲು ದೂರದ ದೇಶಗಳ ಉದಾಹರಣೆ ಬೇಕಾದಷ್ಟಿವೆ. ಆದರೆ ನಮ್ಮ ಕೈಗೆಟುಕುವ ಉದಾಹರಣೆಯನ್ನೇ ಆರಿಸಿಕೊಂಡಿದ್ದೇನೆ: 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗೆ ಇಪ್ಪತ್ತೊಂದು ತಿಂಗಳು ಈ ದೇಶದಲ್ಲಿ ಜಾರಿಯಲ್ಲಿದ್ದ ತುರ್ತುಪರಿಸ್ಥಿತಿ.

ಐದೂವರೆ ಸಾವಿರಕ್ಕೆ ಒಬ್ಬರು

ಘಟನೆಗಳ ಸಾಲು ತಮಗೆ ತಿಳಿದದ್ದೇ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿದರು. ಸುಪ್ರೀಂ ಕೋರ್ಟಿನಿಂದ ಷರತ್ತುಬದ್ಧ ತಡೆಯಾಜ್ಞೆಯಷ್ಟೇ ಸಿಕ್ಕಿತು. ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ಆಂತರಿಕ ಕ್ಷೋಭೆಯ ಕಾರಣ ನೀಡಿದ ಘೋಷಣೆಗೆ ಸಹಿ ಹಾಕಿದರು. ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ದೇಶದ ಮಂತ್ರಿಗಳು ಆ ಬೆಳಿಗ್ಗೆ ಆಗಿಹೋದ ಕೆಲಸಕ್ಕೆ ಒಪ್ಪಿಗೆ ಕೊಟ್ಟು ಎದ್ದರು. ಹೆದರಿಕೆಯ ಮೊದಲ ಪಾಠ ದೇಶದ ಅತ್ಯಂತ ಎತ್ತರದ ಮೇಜಿನ ಸುತ್ತಲೇ ನಡೆಯಿತು.

ಮುಂದೆ ನ್ಯಾಯಮೂರ್ತಿ ಜೆ.ಸಿ. ಶಾ ಅವರ ವಿಚಾರಣಾ ಆಯೋಗ ಕಲೆಹಾಕಿದ ಅಂಕಿಗಳ ಪ್ರಕಾರ ಈ ಅವಧಿಯಲ್ಲಿ, ವಿಚಾರಣೆಯಿಲ್ಲದೆ ಬಂಧಿಸಲು ಅವಕಾಶ ಕೊಟ್ಟಿದ್ದ ಮೀಸಾ ಕಾಯ್ದೆಯಡಿ ಮತ್ತು ಭಾರತ ರಕ್ಷಣಾ ನಿಯಮಗಳಡಿ ಬಂಧಿತರಾದವರ ಸಂಖ್ಯೆ ಒಟ್ಟು 1,10,806. ಒಬ್ಬೊಬ್ಬರ ಹಿಂದೆಯೂ ಒಂದು ಮನೆಯಿತ್ತು ಎಂದುಕೊಂಡರೆ ಇದು ದೊಡ್ಡ ಸಂಖ್ಯೆ. ಆದರೆ ಇದನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಆಗ ದೇಶದ ಜನಸಂಖ್ಯೆ ಅರವತ್ತು ಕೋಟಿಯನ್ನು ದಾಟಿತ್ತು. ಅಂದರೆ ಸುಮಾರು ಐದೂವರೆ ಸಾವಿರ ಜನರಿಗೆ ಒಬ್ಬರು ಬಂಧಿತರಾದರು. ಆ ಒಬ್ಬರನ್ನು ಸುಮ್ಮನಾಗಿಸಿದ್ದು ಪೊಲೀಸರು. ಉಳಿದವರಲ್ಲಿ ಬಹುಪಾಲು ಜನರನ್ನು ಸುಮ್ಮನಾಗಿಸಿದವರು ಯಾರು?

ಯಾವ ಸರ್ಕಾರದ ಬಳಿಯೂ ಅಷ್ಟು ಜೈಲುಗಳಿರುವುದಿಲ್ಲ, ಅಷ್ಟು ಪೊಲೀಸರಿರುವುದಿಲ್ಲ. ಒಂದು ಬೀದಿಯಲ್ಲಿ ಒಬ್ಬರ ಮನೆಯ ಬಾಗಿಲು ರಾತ್ರಿ ಬಡಿದರೆ ಸಾಕು, ಉಳಿದ ಬಾಗಿಲುಗಳು ಒಳಗಿನಿಂದ ತಾವೇ ಅಗುಳಿ ಹಾಕಿಕೊಳ್ಳುತ್ತವೆ. ಹೋಟೆಲಿನ ಮೇಜಿನಲ್ಲಿ ದನಿ ತಗ್ಗುತ್ತದೆ. ಗೆಳೆಯನ ಕಾಗದಕ್ಕೆ ಉತ್ತರ ಬರೆಯುವುದು ನಿಲ್ಲುತ್ತದೆ. ಗೋಡೆಗೂ ಕಿವಿ ಇದೆ ಎಂಬ ಮಾತನ್ನು ನಂಬಿದ ಊರಿನಲ್ಲಿ ಗೋಡೆಗೆ ಕಿವಿ ಇಡುವ ಖರ್ಚು ಸರ್ಕಾರಕ್ಕೆ ಬರುವುದೇ ಇಲ್ಲ.

ಶಿಸ್ತು ಎಂಬ ಹೆಸರು

ಭಯ ತೊಟ್ಟ ಮೊದಲ ಹೆಸರು ಶಿಸ್ತು. ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತಿವೆ, ಗುಮಾಸ್ತರು ಹತ್ತು ಗಂಟೆಗೆ ಕುರ್ಚಿಯಲ್ಲಿದ್ದಾರೆ, ಮುಷ್ಕರಗಳಿಲ್ಲ, ಬೆಲೆಗಳು ಇಳಿದಿವೆ: ಆ ದಿನಗಳಲ್ಲಿ ಮಧ್ಯಮವರ್ಗದ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದ್ದ ಮಾತುಗಳಿವು. ವಿನೋಬಾ ಭಾವೆಯವರ ಹೆಸರಿನಲ್ಲಿ ‘ಅನುಶಾಸನ ಪರ್ವ’ ಎಂಬ ಮಾತು ದೇಶದುದ್ದಕ್ಕೂ ಪ್ರಚಾರವಾಯಿತು. ಮಹಾಭಾರತದ ಪರ್ವವೊಂದರ ಹೆಸರು ಸಿಕ್ಕಿದ ಮೇಲೆ ಮನಸ್ಸಿಗೆ ಇನ್ನಷ್ಟು ಸಮಾಧಾನವಾಯಿತು.

ಈ ಮಾತುಗಳಲ್ಲಿ ಪೂರಾ ಸುಳ್ಳು ಯಾವುದೂ ಇರಲಿಲ್ಲ. ಆತ್ಮವಂಚನೆಯ ಬಲ ಇರುವುದೇ ಅಲ್ಲಿ. ಅದಕ್ಕೆ ಒಂದು ಹಿಡಿ ಸತ್ಯ ಬೇಕೇ ಬೇಕು. ಬೆಲೆಗಳು ಇಳಿದದ್ದು ನಿಜ, ಆದರೆ ಆ ಇಳಿತ 1974ರ ಕೊನೆಯ ಭಾಗದಲ್ಲೇ ಶುರುವಾಗಿತ್ತು. 1975ರ ಒಳ್ಳೆಯ ಮಳೆ ಬೆಳೆ ಅದಕ್ಕೆ ನೆರವಾದವು. ಮಳೆಯ ಕೀರ್ತಿ ಸುಗ್ರೀವಾಜ್ಞೆಗೆ ಸಂದಿತು. ರೈಲು ಹೊತ್ತಿಗೆ ಬರಲು ಪತ್ರಿಕೆಗಳ ಬಾಯಿ ಕಟ್ಟುವುದು ಏಕೆ ಬೇಕು ಎಂಬ ಸರಳ ಪ್ರಶ್ನೆಯನ್ನು ಕೇಳಿದ್ದರೆ ಆ ಸಮಾಧಾನ ಕುಸಿದುಬೀಳುತ್ತಿತ್ತು. ಕೇಳದೆ ಇರಲು ಕಾರಣ ಬುದ್ಧಿಯ ಕೊರತೆಯಲ್ಲ. ಉತ್ತರ ಮೊದಲೇ ಗೊತ್ತಿದ್ದ ಪ್ರಶ್ನೆಯಾದ್ದರಿಂದಲೇ ಅದನ್ನು ಯಾರೂ ಕೇಳಲಿಲ್ಲ.

ಕರ್ತವ್ಯ ಎಂಬ ಹೆಸರು

ಎರಡನೆಯ ಹೆಸರು ಕರ್ತವ್ಯ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮುನ್ನೆಚ್ಚರಿಕೆಯ ಬಂಧನ ಕಾನೂನಿನಲ್ಲಿ ಒಂದು ಮುಖ್ಯ ಕಟ್ಟಳೆಯಿದೆ. ಬಂಧಿಸಬೇಕಾದ ವ್ಯಕ್ತಿಯ ವಿಷಯವನ್ನು ಅಧಿಕಾರಿ ಸ್ವತಃ ಪರಿಶೀಲಿಸಬೇಕು, ತನಗೆ ಮನದಟ್ಟಾದ ಮೇಲೆ ಮಾತ್ರ ಆದೇಶಕ್ಕೆ ಸಹಿ ಮಾಡಬೇಕು. ದೆಹಲಿಯಲ್ಲಿ ನಡೆದದ್ದೇನೆಂದು ಶಾ ಆಯೋಗದ ಮುಂದೆ ಬಯಲಾಯಿತು. ಬಂಧನದ ಆದೇಶಗಳನ್ನು ಸೈಕ್ಲೋಸ್ಟೈಲ್ ಮಾಡಿ ಇಡಲಾಗಿತ್ತು. ಮನದಟ್ಟಾಗಿದೆ ಎಂಬ ವಾಕ್ಯ ಹಾಳೆಯಲ್ಲಿ ಮೊದಲೇ ಅಚ್ಚಾಗಿತ್ತು. ಹೆಸರು ತುಂಬುವುದು, ಸಹಿ ಹಾಕುವುದು ಮಾತ್ರ ಬಾಕಿ. ಬಂಧನಕ್ಕೆ ಕಾರಣಗಳನ್ನು ಎಷ್ಟೋ ವೇಳೆ ಬಂಧನವಾದ ಮೇಲೆ ಬರೆಯಲಾಯಿತು.

1975ರ ಸೆಪ್ಟೆಂಬರ್‌ನಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಆವರಣದಿಂದ ಪೊಲೀಸರು ಒಬ್ಬ ವಿದ್ಯಾರ್ಥಿಯನ್ನು ವಿದ್ಯಾರ್ಥಿ ಸಂಘದ ಅಧ್ಯಕ್ಷನೆಂದು ಭ್ರಮಿಸಿ ಕಾರಿನೊಳಗೆ ಎಳೆದುಕೊಂಡು ಹೋದರು. ಆತ ಬೇರೆಯವನು. ತಪ್ಪು ತಿಳಿದ ಮೇಲಾದರೂ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಆದ ತಪ್ಪನ್ನು ಮುಚ್ಚಲು ಮೀಸಾ ಆದೇಶ ಬೇಕಾಯಿತು, ಅದಕ್ಕೆ ಸಹಿಯೂ ಬಿತ್ತು. ಇಂಥ ಸಹಿಗಳನ್ನು ಹಾಕಿದವರು ರಾಕ್ಷಸರಲ್ಲ, ಕಠಿಣ ಪರೀಕ್ಷೆ ಪಾಸಾಗಿ ಬಂದ ಸುಶಿಕ್ಷಿತರು. ಸಹಿ ಹಾಕದಿದ್ದರೆ ವರ್ಗವಾಗುತ್ತಿತ್ತು, ಬಡ್ತಿ ತಪ್ಪುತ್ತಿತ್ತು, ಅವರ ಹೆಸರಿಗೂ ಒಂದು ಹಾಳೆ ಸಿದ್ಧವಾಗುವ ಸಾಧ್ಯತೆಯೂ ಇತ್ತು. ಆ ಅಳುಕನ್ನು ಅವರು ಅಳುಕೆಂದು ಕರೆಯಲಿಲ್ಲ. ಮೇಲಿನವರ ಆದೇಶ ಎಂದರು.

ಸರಪಳಿ ಅಲ್ಲಿಗೆ ಮುಗಿಯಲಿಲ್ಲ. ಕುಟುಂಬ ಯೋಜನೆಯ ಗುರಿಗಳು ರಾಜಧಾನಿಯಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ಶಾಲಾ ಮಾಸ್ತರರವರೆಗೆ ಇಳಿದವು. ಉತ್ತರ ಪ್ರದೇಶದಲ್ಲಿ ಇಷ್ಟು ಜನರನ್ನು ಶಸ್ತ್ರಚಿಕಿತ್ಸೆಗೆ ಕರೆತರದ ಶಿಕ್ಷಕರ ಸಂಬಳ ತಡೆಹಿಡಿಯಲಾಯಿತು. ಆಯೋಗದ ಲೆಕ್ಕದಲ್ಲಿ 1975ರಿಂದ 1977ರವರೆಗಿನ ಎರಡು ವರ್ಷಗಳಲ್ಲಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವಕ್ಕೆ ಸಂಬಂಧಿಸಿದ 1,774 ಸಾವುಗಳು ದಾಖಲಾದವು, ಮದುವೆಯೇ ಆಗದವರಿಗೆ ಶಸ್ತ್ರಚಿಕಿತ್ಸೆ ಮಾಡಿದ 548 ದೂರುಗಳೂ ಬಂದವು. ಈ ಸರಪಳಿಯಲ್ಲಿ ಪ್ರತಿಯೊಬ್ಬನೂ ತನ್ನ ಮೇಲಿನವನಿಗೆ ಹೆದರಿದ್ದ, ತನ್ನ ಕೆಳಗಿನವನನ್ನು ಹೆದರಿಸಿದ್ದ. ಮಾಡಿದ್ದು ಯಾರು ಎಂದು ಕೇಳಿದರೆ ಬೆರಳು ತೋರಿಸಲು ಪ್ರತಿಯೊಬ್ಬನಿಗೂ ಮೇಲೊಬ್ಬನಿದ್ದ.

ಕಾನೂನು ಎಂಬ ಹೆಸರು

ಮೂರನೆಯ ಹೆಸರು ಕಾನೂನು. ವಿಚಾರಣೆಯಿಲ್ಲದೆ ಬಂಧಿತರಾದವರು ತಮ್ಮ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದೇ ಎಂಬ ಪ್ರಶ್ನೆಗೆ ದೇಶದ ಒಂಬತ್ತು ಹೈಕೋರ್ಟುಗಳು ಹಾಕಬಹುದು ಎಂದಿದ್ದವು. ಅವುಗಳಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಒಂದು. ಬೆಂಗಳೂರಿನಲ್ಲಿ ಬಂಧಿತರಾದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮುಂತಾದವರು ಅರ್ಜಿ ಸಲ್ಲಿಸಿದ್ದು ಇಲ್ಲಿಯೇ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನ ಪ್ರಾಣ ತೆಗೆದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಕೇಳಿದಾಗ, ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಅರ್ಥದ ಉತ್ತರ ಸರ್ಕಾರದ ಪರವಾಗಿ ಬಂತು. 1976ರ ಏಪ್ರಿಲ್ 28ರಂದು ಐವರ ಪೀಠದಲ್ಲಿ ನಾಲ್ವರು ಸರ್ಕಾರದ ವಾದವನ್ನು ಎತ್ತಿಹಿಡಿದರು. ಬಂಧಿತರ ಬಗ್ಗೆ ಸರ್ಕಾರ ತೋರುತ್ತಿರುವ ಕಾಳಜಿ ತಾಯಿಯ ಅಕ್ಕರೆಗೆ ಸಮೀಪವಾದದ್ದು ಎಂಬ ಭಾವದ ಮಾತನ್ನೂ ಆ ನಾಲ್ವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಎಂ.ಎಚ್. ಬೇಗ್ ಬರೆದರು.

ಆ ತೀರ್ಪು ಬಂದ ನಾಲ್ಕು ದಿನಗಳ ಮೇಲೆ, ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರು ಕಂಡಿದ್ದ ಕಲಾವಿದೆ ಅವರು. ತೀವ್ರ ಅಸ್ತಮಾ ಇದ್ದ ಆಕೆಯನ್ನು ವಿಚಾರಣೆಯಿಲ್ಲದೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳಿಗೂ ಮೇಲೆ ಇರಿಸಲಾಯಿತು. ರಾತ್ರಿಯ ಮೌನದಲ್ಲಿ ಆಕೆಯ ಕೂಗು ತಮಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು ಮುಂದೆ ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ಅವರು ತೀರಿಕೊಂಡರು. ತಾಯಿಯ ಅಕ್ಕರೆ ಎಂಬ ಮಾತನ್ನೂ ಈ ಎರಡು ತಾರೀಖುಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಆತ್ಮವಂಚನೆ ಎಂಬ ಪದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಪಾಂಡಿತ್ಯ ಆತ್ಮವಂಚನೆಯಿಂದ ಯಾರನ್ನೂ ಕಾಪಾಡುವುದಿಲ್ಲ. ಪಂಡಿತನಿಗೆ ಅದು ಇನ್ನಷ್ಟು ಚೆಂದದ ಕಾರಣಗಳನ್ನು ಒದಗಿಸಿಕೊಡುತ್ತದೆ, ಅಷ್ಟೆ.

ರಾಗಿ ಬೀಸುವವರು

ಸಹೃದಯರೆ, ಇನ್ನು ನಾಲ್ಕನೆಯ ಹೆಸರಾದ ಸಂಸಾರದ ಹೊಣೆಗೆ, ನಮ್ಮ ಮನೆಯ ಮಾತಿಗೆ ಬರುತ್ತೇನೆ. ಯಾರು ಆಳಿದರೂ ರಾಗಿ ಬೀಸುವುದು ತಪ್ಪಲ್ಲ ಎಂಬ ಗಾದೆ ನಮ್ಮಲ್ಲಿದೆ. ಶತಮಾನಗಳ ಕಾಲ ರಾಜರ ಕಾದಾಟಗಳನ್ನು ಕಂಡ ರೈತಾಪಿ ಜನರ ನೋವಿನ ವಿವೇಕ ಅದರಲ್ಲಿದೆ ಎಂದು ನಾನು ಗೌರವಿಸುತ್ತೇನೆ. ಆದರೆ ಗಾದೆ ಹುಟ್ಟಿದ ಕಾಲದಲ್ಲಿ ರಾಗಿ ಬೀಸುವವಳಿಗೆ ದೊರೆಯನ್ನು ಬದಲಿಸುವ ಅಧಿಕಾರವಿರಲಿಲ್ಲ. ಈಗ ಇದೆ. ಅಧಿಕಾರವಿಲ್ಲದವಳ ನಿಟ್ಟುಸಿರಾಗಿದ್ದ ಮಾತು ಅಧಿಕಾರವಿರುವವರ ಬಾಯಿಗೆ ಬಂದಾಗ ನೆಪವಾಗುತ್ತದೆ. ಊರ ಉಸಾಬರಿ ನಮಗೇಕೆ ಎಂಬ ಮಾತೂ ಹಾಗೆಯೇ.

1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಪ್ರದೇಶ ಮತ್ತು ಬಿಹಾರಗಳಲ್ಲಿ ಆಳುವ ಪಕ್ಷಕ್ಕೆ ಒಂದು ಲೋಕಸಭಾ ಸ್ಥಾನವೂ ದಕ್ಕಲಿಲ್ಲ. ಕರ್ನಾಟಕದ 28 ಸ್ಥಾನಗಳಲ್ಲಿ 26 ಅದೇ ಪಕ್ಷಕ್ಕೆ ಸಂದವು. ಈ ಸಂಗತಿಯ ಬಗ್ಗೆ ನಾವು ಹೆಚ್ಚಾಗಿ ಮಾತನಾಡುವುದಿಲ್ಲ. ನ್ಯಾಯವಾಗಿ ಮಾತನಾಡಬೇಕು. ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ ಗೇಣಿದಾರರ ಕೈಗೆ ಭೂಮಿ ಬರುತ್ತಿದ್ದ ದಿನಗಳವು. ಹಾವನೂರು ಆಯೋಗದ ವರದಿ 1975ರಲ್ಲಿ ಬಂದು ಹಿಂದುಳಿದವರಿಗೆ ಬಾಗಿಲು ತೆರೆಯುತ್ತಿತ್ತು. ಸಂತಾನಹರಣದ ಬಲವಂತ ಉತ್ತರದಷ್ಟು ಇಲ್ಲಿ ಇರಲಿಲ್ಲ. ಉತ್ತರದಲ್ಲಿ ಆದದ್ದು ಸೆನ್ಸಾರ್ ಆದ ಪತ್ರಿಕೆ ಓದುತ್ತಿದ್ದ ಕನ್ನಡಿಗನಿಗೆ ತಿಳಿಯುವ ದಾರಿಯೂ ಕಡಿಮೆ. ಮೊದಲ ಬಾರಿಗೆ ಸ್ವಂತ ಹೊಲ ಕಂಡ ರೈತನನ್ನು ಆತ್ಮವಂಚಕನೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ಓದುಬರಹ ಬಲ್ಲವರಿಗೆ ಸೇರಿದ್ದು. ಬೆಂಗಳೂರಿನ ನಡುವೆಯೇ ಇದ್ದ ಜೈಲಿನಲ್ಲಿ ಏನಾಗುತ್ತಿದೆಯೆಂದು ತಿಳಿಯಲು ಉತ್ತರ ಭಾರತದ ಪತ್ರಿಕೆಗಳು ಬೇಕಿರಲಿಲ್ಲ. ನಮಗೆ ಸಿಕ್ಕ ಒಳ್ಳೆಯದು ನಿಜವೇ ಆಗಿದ್ದರೂ ಬೇರೊಬ್ಬರಿಗೆ ಆದ ಕೆಟ್ಟದ್ದನ್ನು ಅದು ಅಳಿಸುವುದಿಲ್ಲ. ಮನೆಗೆ ಬೆಂಕಿ ಬಿದ್ದ ಪ್ರಾಂತ್ಯಗಳು ಎದ್ದವು, ಬೀಳದ ಪ್ರಾಂತ್ಯಗಳು ನೆಮ್ಮದಿಯಿಂದಿದ್ದವು. ಎರಡೂ ಕಡೆ ಅಳತೆಗೋಲು ಒಂದೇ ಆಗಿತ್ತು: ನನಗೇನಾಯಿತು. ಈ ಅಳತೆಗೋಲು ಇರುವವರೆಗೆ ಜನರನ್ನು ತುಂಡು ತುಂಡಾಗಿ ಹೆದರಿಸಬಲ್ಲ ಆಳ್ವಿಕೆ ಸುರಕ್ಷಿತವಾಗಿಯೇ ಇರುತ್ತದೆ.

ಬೆಲೆ ತಿಳಿದವರು

ಹೆದರದವರು ಯಾರೂ ಇರಲಿಲ್ಲವೇ? ಪ್ರಶ್ನೆಯನ್ನೇ ಸ್ವಲ್ಪ ತಿದ್ದಬೇಕೆನಿಸುತ್ತದೆ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಖನ್ನಾ ಅವರು, ತಾವು ಬರೆದಿರುವ ತೀರ್ಪು ತಮಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನವನ್ನು ತಪ್ಪಿಸಲಿದೆ ಎಂದು ಮೊದಲೇ ತಮ್ಮ ಸಹೋದರಿಗೆ ಹೇಳಿದ್ದನ್ನು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಸೇವಾ ಹಿರಿತನವಿದ್ದ ಅವರನ್ನು ದಾಟಿ ನ್ಯಾಯಮೂರ್ತಿ ಬೇಗ್ ಅವರನ್ನು ನೇಮಿಸಲಾಯಿತು, ಖನ್ನಾ ರಾಜೀನಾಮೆ ಕೊಟ್ಟರು. ಕಳೆದುಕೊಳ್ಳುವುದರ ಅರಿವು ಅವರಿಗೂ ಇತ್ತು. ಆದರೆ ಅವರು ಅದನ್ನು ಅದರ ಹೆಸರಿನಿಂದಲೇ ಕರೆದರು. ಇದಕ್ಕೆ ತೆರಬೇಕಾದ ಬೆಲೆ ನನ್ನ ಪದವಿ ಎಂದು ತಿಳಿದರು, ಸಂವಿಧಾನದ ಸೂಕ್ಷ್ಮ ವ್ಯಾಖ್ಯಾನವೆಂದು ಅದಕ್ಕೆ ಹೊದಿಕೆ ಹೊದಿಸಲಿಲ್ಲ. ಹೆಸರಿಟ್ಟು ಕರೆದ ಭಯವನ್ನು ತೂಗಿ ನೋಡಬಹುದು. ಹೆಸರು ಮರೆಸಿದ ಭಯ ನಮ್ಮನ್ನೇ ಆಳುತ್ತದೆ.

ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ 1975ರ ಜೂನ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತು. ಸೆಮಿನಾರ್ ಮಾಸಪತ್ರಿಕೆ ಸೆನ್ಸಾರಿಗೆ ಪುಟ ಒಪ್ಪಿಸುವುದಕ್ಕಿಂತ 1976ರಲ್ಲಿ ಪ್ರಕಟಣೆಯನ್ನೇ ನಿಲ್ಲಿಸಿತು. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಈ ಮೂರೂ ಕೃತ್ಯಗಳ ಸ್ವರೂಪವನ್ನು ಗಮನಿಸಿ. ಯಾರೂ ಕೋಟೆಗೆ ಲಗ್ಗೆ ಹಾಕಲಿಲ್ಲ. ಒಬ್ಬರು ಜಾಗ ಖಾಲಿ ಬಿಟ್ಟರು, ಒಬ್ಬರು ನಿಲ್ಲಿಸಿದರು, ಒಬ್ಬರು ಮರಳಿಸಿದರು. ಸುಳ್ಳಿಗೆ ತಮ್ಮ ಹೆಸರು ಕೊಡುವುದಿಲ್ಲ ಎಂದಷ್ಟೇ ಅವರು ತೀರ್ಮಾನಿಸಿದ್ದು.

ನಮ್ಮ ಪಾಲಿನ ಕೆಲಸ

ಇಲ್ಲೊಂದು ಆಕ್ಷೇಪಕ್ಕೆ ಉತ್ತರಿಸಬೇಕು. ಸಾಮಾನ್ಯ ಜನರನ್ನು ಹೊಣೆ ಮಾಡಿದರೆ ಆಳಿದವರ ಅಪರಾಧ ಹಗುರವಾಗುವುದಿಲ್ಲವೇ? ಆಗಕೂಡದು. ಅಪರಾಧ ಮಾಡಿಸಿದವರದು, ಮಾಡಿದವರದು. ಆದರೆ ಹೊಣೆ ಅಪರಾಧಕ್ಕಿಂತ ವಿಶಾಲವಾದದ್ದು. ಅಲ್ಲದೆ ಜನರಿಗೆ ಹೊಣೆಯಿಲ್ಲ ಎಂದರೆ ಜನರಿಗೆ ಶಕ್ತಿಯಿಲ್ಲ ಎಂದೇ ಅರ್ಥ. 1977 ಇದನ್ನು ಸುಳ್ಳಾಗಿಸಿದೆ. ಹಿಂದಿನ ದಿನದವರೆಗೂ ಸುಮ್ಮನಿದ್ದ ಕೋಟ್ಯಂತರ ಜನ, ಯಾರೂ ನೋಡದ ಮತಗಟ್ಟೆಯ ಮರೆಯಲ್ಲಿ ತಮ್ಮ ಮನಸ್ಸಿನ ಮಾತು ಹೇಳಿದರು. ಅವರೆಲ್ಲ ಒಳಗೊಳಗೇ ಅದನ್ನು ತಿಳಿದಿದ್ದರು, ಪಕ್ಕದವನಿಗೂ ಅದು ತಿಳಿದಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಜನರ ಮೌನವನ್ನು ಒಪ್ಪಿಗೆಯೆಂದೇ ಓದಿಕೊಂಡ ಆಳ್ವಿಕೆಗೂ ಆ ಫಲಿತಾಂಶ ಆಘಾತವಾಗಿ ಬಂತು. ಮೌನ ಇಬ್ಬರನ್ನೂ ಕುರುಡಾಗಿಸುತ್ತದೆ.

ಸಂವಿಧಾನಕ್ಕೆ 1978ರಲ್ಲಿ ತಂದ 44ನೇ ತಿದ್ದುಪಡಿ ‘ಆಂತರಿಕ ಕ್ಷೋಭೆ’ಯ ಜಾಗದಲ್ಲಿ ‘ಸಶಸ್ತ್ರ ಬಂಡಾಯ’ ಎಂದು ಸೇರಿಸಿತು, ಸಂಪುಟದ ಲಿಖಿತ ಸಲಹೆಯನ್ನು ಕಡ್ಡಾಯ ಮಾಡಿತು, ಪ್ರಾಣ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಿಂದ ಆಚೆ ಇರಿಸಿತು. 1976ರ ತೀರ್ಪನ್ನು 2017ರಲ್ಲಿ ಸುಪ್ರೀಂ ಕೋರ್ಟೇ ತಳ್ಳಿಹಾಕಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಅದಾದದ್ದು ನಮಗೆ ಹೆಮ್ಮೆಯ ಸಂಗತಿ. ಕಾಗದವನ್ನು ಹೀಗೆ ತಿದ್ದಿಕೊಂಡಿದ್ದೇವೆ. ಆದರೆ 1975ರಲ್ಲೂ ಒಳ್ಳೆಯ ಕಾಗದಕ್ಕೆ ಕೊರತೆಯಿರಲಿಲ್ಲ. ಅಧಿಕಾರಿ ಸ್ವತಃ ಪರಿಶೀಲಿಸಬೇಕೆಂಬ ಕಟ್ಟಳೆ ಆಗಲೂ ಇತ್ತು. ಅದನ್ನು ಪಾಲಿಸುವ ಮನಸ್ಸನ್ನು ಯಾವ ತಿದ್ದುಪಡಿಯೂ ಬರೆದುಕೊಡಲಾರದು.

ಆ ಮನಸ್ಸನ್ನು ಬೆಳೆಸುವ ಕೆಲಸ ಮನೆಯಿಂದಲೇ ಶುರುವಾಗಬೇಕು. ಸ್ನೇಹಲತಾ ಅವರನ್ನು ಇರಿಸಿದ್ದ ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು ಇಂದು ಫ್ರೀಡಂ ಪಾರ್ಕ್ ಆಗಿದೆ. ಕಾವಲು ಗೋಪುರ ಹಾಗೆಯೇ ನಿಂತಿದೆ, ಪಕ್ಕದಲ್ಲಿ ದಿನವೂ ಯಾರಾದರೂ ತಮ್ಮ ಬೇಡಿಕೆಯ ಫಲಕ ಹಿಡಿದು ಕೂತಿರುತ್ತಾರೆ. ನಿಮ್ಮ ಮನೆಯ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಆ ಇಪ್ಪತ್ತೊಂದು ತಿಂಗಳುಗಳನ್ನು ಕಂಡ ಹಿರಿಯರು ಈ ಸಭೆಯಲ್ಲಿದ್ದೀರಿ. ರೈಲು ಹೊತ್ತಿಗೆ ಬರುತ್ತಿತ್ತು ಎಂಬ ಮಾತನ್ನು ಮಕ್ಕಳು ಈಗಾಗಲೇ ಕೇಳಿದ್ದಾರೆ. ನಾವು ಆಗ ಹೆದರಿದ್ದೆವು ಎಂಬ ಮಾತನ್ನು ಅವರಿಗೆ ನೀವೇ ಹೇಳಬೇಕು.